ಏಳನೆಯ ಕಲಂ

ಅರ್ಜಿಯಲ್ಲಿ ಒಂಬತ್ತು ಕಲಂ.
ಆರರವರೆಗೆ ತೊಂದರೆಯಾಗಲಿಲ್ಲ.
ಹೆಸರು ತೊಗಾಶಿ ಮಿತ್ಸುಯೆ, ವಯಸ್ಸು ಐವತ್ತೇಳು,
ವಾಸ ಸೇತುವೆಯ ಈಚೆ ದಡ, ಯಮಾಗತಾ ಸೀಮೆ,
ಕಸುಬು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ,
ಸೇವೆಯ ಅವಧಿ ಇಪ್ಪತ್ತಮೂರು ಚಳಿಗಾಲ,
ಸೇವೆಯ ಸ್ವರೂಪ: ಹಿಮದಡಿ ಹೂತುಹೋಗುವ
ಅಗ್ನಿಶಾಮಕದ ನಲ್ಲಿಗಳನ್ನು ಅಗೆದು ತೆರೆದಿಡುವುದು.
ಒಟ್ಟು ಹನ್ನೊಂದು ನಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ.

ಏಳನೆಯದು: ಪ್ರಯೋಜನ ಪಡೆದವರ ಸಂಖ್ಯೆ.

ಫೋನು ಮಾಡಿದೆ. ಆ ಕಡೆ ಉಗಿ ಬುಸುಗುಟ್ಟುತ್ತಿತ್ತು.
“ಪ್ರಯೋಜನವೇ?” ಎಂದರು. ಸ್ವಲ್ಪ ಹೊತ್ತು ಬರೀ ಉಗಿ.
“ನಮ್ಮ ಬೀದಿಯಲ್ಲಿ ಬೆಂಕಿ ಬಿದ್ದದ್ದು ಒಂದೇ ಸಲ.
ಅದೂ ಕ್ಷೌರದಂಗಡಿ. ಅದೂ ಜೂನ್ ತಿಂಗಳು.”

ಉರಿಯದ ಮನೆಗಳನ್ನು ಯಾವ ಲೆಕ್ಕಕ್ಕೆ ಹಿಡಿಯಲಿ?
ಉರಿಯದ ಮನೆಯೊಳಗೆ ಹಲ್ಲುಜ್ಜಿ, ಒಂದಿಷ್ಟು ಜಗಳವಾಡಿ,
ದೀಪ ಆರಿಸಿ ಗೋಡೆಗೆ ಮುಖ ಮಾಡಿ ಮಲಗಿದವರು
ನಮಗೇನೂ ಆಗಲಿಲ್ಲವೆಂದು
ಬೆಳಿಗ್ಗೆ ಎದ್ದು ಬಂದು ಸಹಿ ಹಾಕುತ್ತಾರೆಯೇ?

ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಬಿಡದು.
ಅಂದಾಜು ನಾನೂರು ಎಂದು ತುಂಬಿದೆ.

ಆಮೇಲೆ ನಕ್ಷೆ ಲಗತ್ತಿಸುವಾಗ ಕಂಡದ್ದು:
ನಾಲ್ಕನೆಯ ನಲ್ಲಿ ನಮ್ಮ ಮನೆಯೆದುರಿನದು.
ಹತ್ತೊಂಬತ್ತು ವರ್ಷ, ಹಿಮ ಬಿದ್ದ ಪ್ರತಿ ಬೆಳಿಗ್ಗೆ
ಆ ಕೆಂಪು ಕಂಬದ ಸುತ್ತ ಚೌಕಾಕಾರ ಕತ್ತರಿಸಿದ ಜಾಗ ನೋಡುತ್ತ
ಇದೇ ಕೆಲಸಕ್ಕೆ ಹೊರಟಿದ್ದೇನೆ.
ಅಂಚುಗಳು ನೇರ, ಮಡಿಸಿಟ್ಟ ಅಂಗಿಯ ಹಾಗೆ.
ಪುರಸಭೆಯವರು ಮಾಡಿಸುತ್ತಾರೆ ಅಂದುಕೊಂಡಿದ್ದೆ.
ಪುರಸಭೆಯವರು ಎಂದರೆ
ನಾನು, ಮತ್ತು ಎದುರು ಮೇಜಿನ ಯುಸಾ.

ನವೆಂಬರ್ ಮೂರು. ಒಣ ಬಿಸಿಲು.
ಸೂರುಸೂರಿಗೂ ಸಿಪ್ಪೆ ಸುಲಿದ ಹಣ್ಣಿನ ಸರ ತೂಗುಬಿಟ್ಟಿತ್ತು.
ಸಭಾಂಗಣದಲ್ಲಿ ತೊಂಬತ್ತು ಕುರ್ಚಿ, ಐವತ್ತೆರಡು ಜನ,
ಶಾಲೆಯ ವಾದ್ಯದ ಮಕ್ಕಳೂ ಸೇರಿ.
ಅಧ್ಯಕ್ಷರು ನಾನು ಬರೆದುಕೊಟ್ಟ ವಾಕ್ಯವನ್ನು
ಕಂಠ ಸರಿಮಾಡಿಕೊಂಡು ಓದಿದರು:
“ಮೇಲ್ಕಂಡವರು ಅನೇಕ ವರ್ಷಗಳ ಕಾಲ ನಿಸ್ವಾರ್ಥದಿಂದ…”
ನಾನೂರು ಎಂಬ ಮಾತು ಬಂದಾಗ
ಮಿತ್ಸುಯೆ ಬಗ್ಗಿಸಿದ್ದ ತಲೆ ಎತ್ತಿ
ಹಿಂದಿರುಗಿ ನೋಡಿದರು,
ಯಾರಾದರೂ ತಡವಾಗಿ ಬರುವವರಿದ್ದಾರೋ ಎಂಬಂತೆ.
ನಾನು ಕಂಬದ ಮರೆಗೆ ಸರಿದೆ.

ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.
ಉಗಿಗೆ ಬೆಂದು ಬೆಂದು ಕೆಂಪಾದ ಕೈ.
ಒಂದೆರಡು ಮಾತು ಎಂದು ಮೈಕು ಮುಂದೆ ಹಿಡಿದೆವು.
“ಒಂಬತ್ತನೆಯದರ ಗುರುತಿನ ಕಂಬ ಬಾಗಿದೆ,” ಎಂದರು,
“ಶಾಲೆಯ ಹಿಂದಿನದು. ಯಾವುದೋ ಲಾರಿ ತಾಗಿರಬೇಕು.
ಹಿಮ ಬೀಳುವುದರೊಳಗೆ ನೆಟ್ಟಗೆ ಮಾಡಿಸಿದರೆ
ಕತ್ತಲಲ್ಲಿ ಹುಡುಕುವುದು ತಪ್ಪುತ್ತದೆ.”
ಅಷ್ಟೇ.
ತಟ್ಟಬೇಕೋ ಬೇಡವೋ ತಿಳಿಯದೆ
ಸಭೆ ಅರ್ಧ ಚಪ್ಪಾಳೆ ತಟ್ಟಿತು.
ಅಧ್ಯಕ್ಷರು ನನ್ನತ್ತ ನೋಡಿದರು.
ಆಮಂತ್ರಣದ ಬೆನ್ನಿಗೆ ಗುರುತು ಹಾಕಿಕೊಂಡೆ: ೯, ಬಾಗಿದೆ.

ಅದಕ್ಕೂ ಒಂದು ಅರ್ಜಿಯಿದೆ. ಹದಿನಾಲ್ಕು ಕಲಂ.
ಎಲ್ಲವನ್ನೂ ತುಂಬಿದೆ. ಟೆಂಡರು ಮಾರ್ಚಿಗೆ ಎಂದು ಉತ್ತರ ಬಂತು.

ಡಿಸೆಂಬರ್ ಹನ್ನೊಂದರ ರಾತ್ರಿಯಿಡೀ ಬಿತ್ತು, ಸೊಂಟದುದ್ದ.
ಬಸ್ಸಿಲ್ಲ. ಶಾಲೆಯ ಹಿಂದಿನಿಂದ ಕಾಲು ಕೀಳುತ್ತ ಬಂದೆ.
ಬಾಗಿದ ಕಂಬಕ್ಕೆ ಯಾರೋ ಬಿದಿರು ಗಳ ಬಿಗಿದು
ಗಳದ ತುದಿಗೆ ಕೆಂಪು ಬಟ್ಟೆ ಸಿಕ್ಕಿಸಿದ್ದರು.
ಯಾರೋ ಎಂದೆನೆ?
ಗಾಳಿಗೆ ಅದು ಬಿಚ್ಚಿಕೊಂಡಾಗ
ಉದ್ದಕ್ಕೂ ಅಡ್ಡಕ್ಕೂ ಇಸ್ತ್ರಿಯ ಗೆರೆ
ಇನ್ನೂ ಮಾಸಿರಲಿಲ್ಲ.